ಏಕ್ ದಿವಸ್ ಉಶಿರಾ

ಇಲ್ಲಿ ಏನೂ ಬರೆಯದೆ ಬಹಳ ದಿನವಾಯ್ತು. ಹೋದ ಸಲ ಬರೆದದ್ದು ನಮ್ಮ ಕನ್ನಡ ಶಾಲೆಗಳ ಪಟಸಂಖ್ಯೆಯ ಬಗ್ಗೆ. ಅದಕ್ಕೂ ಹಿಂದೆ ಬರೆದದ್ದೂ ಅದೇ. ಓದಿದ ದಕ್ಷಿಣ ಸೊಲ್ಲಾಪುರದ ಗುರುಜಿಯೊಬ್ಬರು ಫೋನ್ ಮಾಡಿ, "ಸರ್, ಬ್ಯಾರೆ ಏನರ ಬರೀರಿ, ಈ ಗೋಳು ನಮ್ಮಲ್ಲೂ ಐತಿ" ಅಂದಿದ್ದರು. ಆಯ್ತು, ಇವತ್ತು ಬೇರೆಯದನ್ನೇ ಬರೆಯುತ್ತೇನೆ.

ಈ ಜೂನ್ ತಿಂಗಳಲ್ಲಿ ಒಬ್ಬ ಹೆಣ್ಣುಮಗಳು ಮಗನನ್ನು ಒಂದನೇ ಇಯತ್ತೆಗೆ ಹಚ್ಚಲು ಬಂದಿದ್ದಳು. ನಮಗಂತೂ ಒಂದು ಹುಡುಗ ಬಂದರೆ ಹಬ್ಬ, ಕುರ್ಚಿ ಕೊಟ್ಟು ಕೂರಿಸಿದೆ. ಅರ್ಜಿ ತುಂಬುತ್ತ "ಹುಡುಗನ ತಂದಿ ಏನ ಮಾಡ್ತಾರ?" ಅಂತ ಕೇಳಿದೆ. "ಪುಣೇದಾಗ ಕಂಪನ್ಯಾಗ ಅದಾರ್ರಿ" ಅಂದಳು. ಯಾವ ಕಂಪನಿ ಅಂತ ಕೇಳಿದರೆ ಸೆರಗಿನ ಚುಂಗು ಬೆರಳಿಗೆ ಸುತ್ತುತ್ತ ಕೂತಳು. ನಾನು ಮತ್ತೆ ಕೇಳಲಿಲ್ಲ, "ಖಾಸಗಿ ನೌಕರಿ" ಅಂತ ಬರೆದುಕೊಂಡೆ. ಆಮೇಲೆ ನಮ್ಮ ಶಾಲೆಯ ಅಡುಗೆಯ ಬಾಯಿಯಿಂದ ನಿಜ ಗೊತ್ತಾಯ್ತು. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.) ಆದರೆ ಹೇಳುವ ಮೊದಲೇ ನನಗೆ ಅರ್ಧ ತಿಳಿದಿತ್ತು. ಯಾಕೆಂದರೆ "ಪುಣೇದಾಗ ಕಂಪನ್ಯಾಗ" ಅನ್ನುವ ಮಾತನ್ನು ನಾನು ಹತ್ತು ಹನ್ನೆರಡು ವರ್ಷ ಹೇಳಿಕೊಂಡು ಬಂದಿದ್ದೇನೆ, ನನ್ನ ತಮ್ಮನ ಬಗ್ಗೆ.

ನನ್ನ ಜೊತೆ ಕೆಲಸ ಮಾಡುವವರಿಗೆ ಇದು ಇವತ್ತೇ ಗೊತ್ತಾಗುತ್ತಿದೆ. ಕ್ಷಮಿಸಿ.

ತಮ್ಮ ನನಗಿಂತ ನಾಲ್ಕು ವರ್ಷ ಸಣ್ಣವ. 2010ರ ದೀಪಾವಳಿ ಆದ ಮೇಲೆ ಹೊಲದ ಬದುವಿನ ಸಲುವಾಗಿ ಜಗಳವಾಯ್ತು. ಬದು ಅಂದರೆ ಎಷ್ಟು? ಎರಡು ಗೇಣು. ವರ್ಷಾ ವರ್ಷಾ ಒಂದೊಂದು ಸಾಲು ಒಳಗೆ ಸರಿಯುತ್ತ ಬಂದಿತ್ತು. ಸರಿಸಿದವರು ಯಾರು ಅನ್ನುವುದಕ್ಕೆ ಎರಡು ಮನೆಯಲ್ಲಿ ಎರಡು ಉತ್ತರ. ಇವನ ಕೈಯಲ್ಲಿ ಸಲಿಕೆ ಇತ್ತು. ಏಟು ತಿಂದವನು ಮೂರನೇ ದಿನ ದವಾಖಾನೆಯಲ್ಲಿ ತೀರಿಕೊಂಡ. 2012ರಲ್ಲಿ ಜನ್ಮಠೇಪ ಆಯಿತು. ತಮ್ಮ ಏನೂ ಮಾಡಿಲ್ಲ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಸತ್ತವನು ನನಗೂ ಪರಿಚಯದವನೇ, ಸಣ್ಣವರಿದ್ದಾಗ ಇಬ್ಬರೂ ಒಂದೇ ಬಾವಿಗೆ ಹಾರಿ ಈಸು ಕಲಿತವರು. ಅವನ ಅವ್ವ ಈಗಲೂ ನಮ್ಮ ಮನೆಯಿಂದ ಮೂರನೇ ಓಣಿಯಲ್ಲಿದ್ದಾಳೆ.

ತಮ್ಮ ಇರುವುದು ಪಶ್ಚಿಮ ಮಹಾರಾಷ್ಟ್ರದ ಒಂದು ದೊಡ್ಡ ಜೈಲಿನಲ್ಲಿ. ಊರ ಹೆಸರು ಬೇಡ. ಜತ್ತದಿಂದ ಎರಡು ಬಸ್ಸು ಬದಲಿಸಬೇಕು. ಬೆಳಿಗ್ಗೆ ಐದಕ್ಕೆ ಹೊರಟರೆ ಜಾಲರಿಯ ಆಚೆ ಈಚೆ ನಿಂತು ಇಪ್ಪತ್ತು ನಿಮಿಷ ಮಾತಾಡಿ ರಾತ್ರಿ ಹತ್ತಕ್ಕೆ ಮನೆ ಸೇರಬಹುದು. ತಿಂಗಳಿಗೊಮ್ಮೆ ನಾನು, ಎರಡು ತಿಂಗಳಿಗೊಮ್ಮೆ ಅವ್ವ.

ನಮ್ಮ ರಾಜ್ಯದಲ್ಲಿ ಶಿಕ್ಷೆಯಾದ ಕೈದಿಗಳು ಮನೆಗೆ ಬರಲು ಎರಡು ದಾರಿ ಇವೆ. ಒಂದು ಪೆರೋಲ್, ಮರಾಠಿ ಕಾಗದದಲ್ಲಿ 'ಅಭಿವಚನ ರಜಾ' ಅಂತಾರೆ. ಇನ್ನೊಂದು ಫರ್ಲೋ, ಅಂದರೆ 'ಸಂಚಿತ ರಜಾ'. ಎರಡರಲ್ಲೂ 'ರಜಾ' ಇರೋದರಿಂದ ನಮ್ಮಂಥವರಿಗೆ ಭಾಳ ಅನುಕೂಲ ನೋಡಿ! "ತಮ್ಮ ರಜಾದ ಮ್ಯಾಲೆ ಬಂದಾನ" ಅಂದರೆ ಅದರಲ್ಲಿ ಸುಳ್ಳೇನೂ ಇಲ್ಲ. ನನ್ನ ಮಗಳು ಎರಡನೇ ಇಯತ್ತೆಯಲ್ಲಿದ್ದಾಗ ಕಾಕಾ ಮಿಲಿಟರಿಯಲ್ಲಿದ್ದಾನೆ ಅಂತ ತಾನೇ ತೀರ್ಮಾನ ಮಾಡಿಕೊಂಡು ನಿಬಂಧವನ್ನೂ ಬರೆದಿದ್ದಳು. ಅದನ್ನು ತಿದ್ದಿದ್ದು ನಾನೇ. ಕಾಗುಣಿತ ಮಾತ್ರ ತಿದ್ದಿದೆ.

ಈಗ 2018ರ ಕಾರಹುಣ್ಣಿಮೆಯ ಮಾತು. ಅದನ್ನು ಹೇಳದೆ ಮುಂದಿನದು ತಿಳಿಯೋದಿಲ್ಲ.

ಆ ವರ್ಷ ಅವನು ಫರ್ಲೋ ಮೇಲೆ ಬಂದಿದ್ದ. ತಿರುಗಿ ಹೋಗುವ ದಿನ ಹುಣ್ಣಿಮೆಯ ದಿನವೇ ಬಂದಿತ್ತು. ಆಗಿನ್ನೂ ನಮ್ಮಲ್ಲಿ ಒಂದು ಜೋಡಿ ಎತ್ತು ಇದ್ದವು. ಸಣ್ಣವನಿದ್ದಾಗಿನಿಂದ ಎತ್ತಿನ ಕೋಡಿಗೆ ಬಣ್ಣ ಬಳಿಯೋದು, ಗೆಜ್ಜೆ ಕಟ್ಟೋದು ಅವನ ಕೆಲಸ. ಮುಂಜಾನೆ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ನಾನು ಅಂದೆ, "ಹಬ್ಬದ ದಿನ ಮನಿ ಬಿಟ್ಟು ಹೋಗಬ್ಯಾಡೋ. ಕರಿ ಹರಿಯೂದು ನೋಡಿ ನಾಳೆ ನಸುಕಿನ್ಯಾಗ ಹೋಗು. ಒಂದ ದಿನಕ್ಕ ಏನಾಗತೈತಿ?" ಅವನು ಅವ್ವನ ಮುಖ ನೋಡಿದ. ಅವ್ವ ಏನೂ ಅನ್ನಲಿಲ್ಲ. ಚೀಲ ಕೆಳಗಿಟ್ಟ.

ಮರುದಿನ ಸಂಜೆಯ ಹೊತ್ತಿಗೆ ಅವನು ಜೈಲಿನ ಬಾಗಿಲಲ್ಲಿದ್ದ. ಒಂದು ದಿನ ತಡ ಅಂತ ದಾಖಲಾಯಿತು. ಶಿಕ್ಷೆಯಲ್ಲಿ ಸಿಗುವ ಮಾಫಿಯ ದಿನಗಳಲ್ಲಿ ಒಂದಿಷ್ಟು ಕಡಿದುಕೊಂಡರು. ಮುಲಾಖತ್ತಿನಲ್ಲಿ ಅದನ್ನು ಹೇಳಿ ನಕ್ಕ: "ಎತ್ತಿನ ಬಣ್ಣ ತುಟ್ಟಿ ಬಿತ್ತು ನೋಡಣ್ಣಾ." ನಾನೂ ನಕ್ಕೆ. ಅಲ್ಲಿಗೆ ಮುಗೀತು ಅಂದುಕೊಂಡಿದ್ದೆವು.

2020ರ ಮಾರ್ಚ್ ನಿಮಗೆಲ್ಲ ನೆನಪಿದ್ದೇ ಇದೆ. ನಮ್ಮ ಸಾಂಗಲಿ ಜಿಲ್ಲೆಯಲ್ಲಿ ಮೊದಲ ಹೆದರಿಕೆ ಹುಟ್ಟಿದ್ದು ಇಸ್ಲಾಂಪುರದಿಂದ. ನೋಡನೋಡುತ್ತಿದ್ದಂತೆ ಅಲ್ಲಿ ಸೋಂಕು ಇಪ್ಪತ್ತರ ಮೇಲೆ ಹೋಯಿತು. ಶಾಲೆ ಮುಚ್ಚಿದವು. ಎರಡು ರಾಜ್ಯದ ನಡುವಿನ ರಸ್ತೆಗೆ ಮುಳ್ಳುಕಂಟಿ ಬಿತ್ತು, ಕೆಲವು ಕಡೆ ರಸ್ತೆಯನ್ನೇ ಅಗೆದರು. ನಮ್ಮ ಭಾಗದ ಜನಕ್ಕೆ ದವಾಖಾನೆ ಅಂದರೆ ವಿಜಾಪುರ, ಬಟ್ಟೆ ಅಂದರೆ ವಿಜಾಪುರ, ಹೆಣ್ಣು ಕೊಟ್ಟದ್ದು ತಂದದ್ದು ಎಲ್ಲ ಆ ಕಡೆಯೇ. ಶಿಕ್ಷಕರನ್ನು ಚೆಕ್‌ಪೋಸ್ಟಿಗೆ ಹಾಕಿದರು. ನನ್ನದು ರಾತ್ರಿ ಪಾಳಿ. ಒಬ್ಬ ಪೊಲೀಸ್, ಒಬ್ಬ ಗ್ರಾಮಸೇವಕ, ನಾನು. ಬಂದವರ ಹೆಸರು, ಎಲ್ಲಿಂದ, ಎಲ್ಲಿಗೆ, ಪಾಸ್ ಇದೆಯೋ ಇಲ್ಲವೋ, ಬರೆದುಕೊಳ್ಳೋದು ನನ್ನ ಕೆಲಸ. ಬಾಣಂತನಕ್ಕೆ ತವರಿಗೆ ಹೊರಟವಳನ್ನು ತಿರುಗಿಸಿ ಕಳಿಸಿದ್ದೂ ಇದೆ. ಹಾಳೆಯ ಮೇಲೆ ನಿಯಮ, ಎದುರಿಗೆ ಮನುಷ್ಯರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ನಮ್ಮ ಅರ್ಜಿ ತಿರಸ್ಕರಿಸಿದ ಅಧಿಕಾರಿಯ ಮೇಲೆ ನನಗೆ ಸಿಟ್ಟು ಬಂದಾಗಲೆಲ್ಲ ಆ ಬಾಣಂತಿಯ ಮುಖ ಅಡ್ಡ ಬರುತ್ತಿತ್ತು.

ಜೈಲಿನಲ್ಲಿ ಮುಲಾಖತ್ ಬಂದ್ ಆಯಿತು. ಕಾಗದ ಬರೆದರೆ ಹೋಗುತ್ತದೋ ಇಲ್ಲವೋ. ರಾತ್ರಿ ಚೆಕ್‌ಪೋಸ್ಟಿನ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಸುದ್ದಿ ಓದುವುದೊಂದೇ. ಮೇ ಮೊದಲ ವಾರದಲ್ಲಿ ಮುಂಬಯಿಯ ಆರ್ಥರ್ ರೋಡ್ ಜೈಲಿನ ಸುದ್ದಿ ಬಂತು, 70ಕ್ಕೂ ಹೆಚ್ಚು ಕೈದಿಗಳಿಗೆ ಸೋಂಕು. 804 ಜನರಿಗೆಂದು ಇರುವ ಜೈಲು ಅದು, ಒಳಗಿದ್ದವರು ಅದರ ಮೂರು ಪಟ್ಟಿಗಿಂತ ಹೆಚ್ಚು. ಇಡೀ ದೇಶಕ್ಕೆ ಮೂರು ಅಡಿ ದೂರ ನಿಲ್ಲಿರಿ ಅಂತ ನಾವು ಸುಣ್ಣದ ಗುಂಡು ಗೆರೆ ಹಾಕಿ ಕಲಿಸುತ್ತಿದ್ದೆವು. ನನ್ನ ತಮ್ಮ ಹಿಂದೆ ಯಾವಾಗಲೋ ಹೇಳಿದ್ದ: "ರಾತ್ರಿ ಮಗ್ಗಲಾ ಬದಲಿ ಮಾಡಬೇಕಂದ್ರ ಬಾಜೂಕಿನವನೂ ಮಾಡಬೇಕು."

ಅದಕ್ಕೂ ಮೊದಲೇ, ಮಾರ್ಚ್ 23ಕ್ಕೆ, ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತ್ತು: ಒಂದು ಉನ್ನತಾಧಿಕಾರ ಸಮಿತಿ ಮಾಡಿ, ಯಾವ ಯಾವ ಕೈದಿಗಳನ್ನು ಸ್ವಲ್ಪ ಕಾಲ ಹೊರಗೆ ಬಿಡಬಹುದು ನೋಡಿ ಅಂತ. ಮೇ 8ಕ್ಕೆ ನಮ್ಮ ಸರ್ಕಾರ 1959ರ ಫರ್ಲೋ-ಪೆರೋಲ್ ನಿಯಮಗಳಿಗೆ ಒಂದು ತಿದ್ದುಪಡಿ ತಂದಿತು. 'ತುರ್ತು ಪೆರೋಲ್' ಅಂತ. ಮೊದಲು 45 ದಿನ, ಆಮೇಲೆ ಸಾಂಕ್ರಾಮಿಕ ರೋಗ ಕಾಯ್ದೆಯ ಅಧಿಸೂಚನೆ ಇರುವತನಕ 30 ದಿನ, 30 ದಿನ ಮುಂದುವರಿಯುತ್ತ ಹೋಗುವುದು. ಆಗ ರಾಜ್ಯದ ಜೈಲುಗಳಲ್ಲಿ 35 ಸಾವಿರದ ಮೇಲೆ ಜನರಿದ್ದರು. ಅದರಲ್ಲಿ 17 ಸಾವಿರದಷ್ಟು ಮಂದಿಯನ್ನು ಬಿಡುವ ಮಾತು ಪತ್ರಿಕೆಯಲ್ಲಿ ಬಂತು. ಓದಿ ನಾನು ರಾತ್ರಿ ಎರಡು ಗಂಟೆಗೆ ಹೆಂಡತಿಗೆ ಫೋನ್ ಮಾಡಿದೆ.

ಬೆಳಿಗ್ಗೆ ಮರಾಠಿ ಅಧಿಸೂಚನೆಯನ್ನು ತರಿಸಿಕೊಂಡು ಪಾಠ ಓದಿದ ಹಾಗೆ ಓದಿದೆ. ಏಳು ವರ್ಷ ಅಥವಾ ಅದಕ್ಕಿಂತ ಕಡಿಮೆ ಶಿಕ್ಷೆಯವರಿಗೆ ಸಲೀಸು. ಏಳು ವರ್ಷಕ್ಕಿಂತ ಹೆಚ್ಚಿನವರದು ವಿಚಾರ ಮಾಡಿ ನಿರ್ಧಾರ, ಅದಕ್ಕೊಂದು ಷರತ್ತು. ಹಿಂದಿನ ಎರಡು ಸಲ ಹೊರಗೆ ಬಂದಾಗ ವೇಳೆಗೆ ಸರಿಯಾಗಿ ತಿರುಗಿ ಹೋಗಿರಬೇಕು.

ಆ ಸಾಲಿನ ಮೇಲೆ ನನ್ನ ಬೆರಳು ನಿಂತುಬಿಟ್ಟಿತು.

ಆದರೂ ಅರ್ಜಿ ಹಾಕಿದೆವು. ಅರ್ಜಿಯಲ್ಲಿ ಎಲ್ಲವನ್ನೂ ಬರೆದೆ: ತಾಯಿಗೆ ವಯಸ್ಸಾಗಿದೆ, ಒಬ್ಬಳೇ ಇದ್ದಾಳೆ, ಅದು ಒಂದೇ ದಿನದ ತಡ, ತಡವಾಗಲು ಅಣ್ಣನಾದ ನಾನೇ ಕಾರಣ. ಗೆಳೆಯ ವಕೀಲ ಕೊನೆಯ ಸಾಲನ್ನು ಹೊಡೆದುಹಾಕಿಸಿದ. "ಸರ್, ಅರ್ಜ್ಯಾಗ ನಿಮ್ಮ ಪಶ್ಚಾತ್ತಾಪ ಬರ್ಕೋಬ್ಯಾಡ್ರಿ" ಅಂದ.

ಜೂನ್ ಕೊನೆಗೆ ಉತ್ತರ ಬಂತು. ಮರಾಠಿಯಲ್ಲಿ ಎಂಟು ಸಾಲು. ಊರಿಗೆ ಹೋಗಿ ಅವ್ವನ ಮುಂದೆ ಓದಿದೆ. ನಮ್ಮವ್ವ ಹುಟ್ಟಿದ್ದು, ಬೆಳೆದದ್ದು, ಮುದುಕಿಯಾದದ್ದು ಮಹಾರಾಷ್ಟ್ರದಲ್ಲೇ ಆದರೂ ಮರಾಠಿ ಬರೋದಿಲ್ಲ. ಜತ್ತ ತಾಲ್ಲೂಕಿನ ಪೂರ್ವ ಭಾಗ ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬಸ್ಸಿನ ಬೋರ್ಡು, ರೇಷನ್ ಕಾರ್ಡು, ತಲಾಠಿಯ ಕಾಗದ ಎಲ್ಲವನ್ನೂ ಯಾರಾದರೂ ಕನ್ನಡ ಮಾಡಿ ಹೇಳಬೇಕು. ನಾನು ಓದುತ್ತ ಹೋದೆ. "...ಏಕ್ ದಿವಸ್ ಉಶಿರಾ..." ಅಂತ ಬಂತು. ಮರಾಠಿಯಲ್ಲಿ ಉಶಿರಾ ಅಂದರೆ ತಡ. ಒಂದು ದಿನ ತಡವಾಗಿ ಹಾಜರಾದ ಕಾರಣ ಅರ್ಜಿ ನಾಮಂಜೂರು, ಅಷ್ಟೇ.

ಅವ್ವ ತಟ್ಟನೆ ಎದ್ದು ಕೂತಳು. "ಉಸರಾ? ಏನಾಗೇತೋ ಅವನ ಉಸರಿಗೆ? ದಮ್ಮ ಹತ್ತೇತೇನು?"

ಆಗ ಎಲ್ಲ ಕಡೆ ಉಸಿರಿನದೇ ಮಾತು ನೋಡಿ. ಟಿವಿಯಲ್ಲಿ, ಓಣಿಯಲ್ಲಿ, ಯಾರಿಗೆ ಉಸಿರು ಸಿಗಲಿಲ್ಲ, ಯಾರಿಗೆ ಆಕ್ಸಿಜನ್ ಹಚ್ಚಿದರು... "ಇಲ್ಲವ್ವಾ, ಉಸರಲ್ಲ, ಉಶಿರಾ ಅಂದ್ರ ಲೇಟ್ ಅಂತ" ಅಂತ ಎಷ್ಟು ಹೇಳಿದರೂ ನಂಬಲೊಲ್ಲಳು. ನಾನು ಮುಚ್ಚಿಡುತ್ತಿದ್ದೇನೆ ಅಂತ ಅವಳ ಸಂಶಯ. "ಕಾಗದದಾಗ ಬರದಾರ, ನಾ ಕೇಳೇನಿ" ಅಂತ ಗಲ್ಲಕ್ಕೆ ಕೈ ಹಚ್ಚಿ ಕೂತುಬಿಟ್ಟಳು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಭಾಷೆ ಕಲಿಸುವ ನನಗೆ ನನ್ನ ತಾಯಿಗೆ ಒಂದು ಶಬ್ದ ತಿಳಿಸಿ ಹೇಳಲು ಆಗಲಿಲ್ಲ. ತಿಳಿಸಬೇಕೆಂದರೆ ಕಾರಹುಣ್ಣಿಮೆಯ ದಿನ ನಾನು ಆಡಿದ ಮಾತಿನಿಂದ ಸುರು ಮಾಡಬೇಕಿತ್ತು. ಅವಳಿಗೆ ಅದು ನೆನಪಿತ್ತೋ ಇಲ್ಲವೋ, ನಾನಾಗಿ ಎತ್ತಲಿಲ್ಲ. ನಿಜ ಹೇಳಬೇಕೆಂದರೆ, ಅವಳು ಉಸಿರಿನ ವಿಚಾರದಲ್ಲೇ ಇರಲಿ ಅಂತ ಒಂದು ಗಳಿಗೆ ಅನ್ನಿಸಿದ್ದೂ ಹೌದು.

ಅವಳನ್ನು ನಂಬಿಸಲು ಉಳಿದಿದ್ದು ಒಂದೇ ದಾರಿ, ಮಗನ ಮುಖ ತೋರಿಸುವುದು. ಮುಲಾಖತ್ ಬಂದ್ ಆದ ಮೇಲೆ ಜೈಲುಗಳಲ್ಲಿ ಮೊಬೈಲಿನ ವಿಡಿಯೋ ಕರೆ ಸುರುವಾಗಿತ್ತು. ನಮ್ಮ ಪಾಳಿ ಜುಲೈಯಲ್ಲಿ ಬಂತು. ಅವ್ವನಿಗೆ ಹೊಸ ಇಳಕಲ್ ಸೀರೆ ಬೇಕಾಯಿತು. ಅಂಗಳದಲ್ಲಿ ನೆಟ್‌ವರ್ಕ್ ಇರದೆ ಮಾಳಿಗೆ ಹತ್ತಿಸಿದೆ. ಪರದೆಯಲ್ಲಿ ತಮ್ಮ ಬಂದ. ಮಾಸ್ಕ್ ಹಾಕಿದ್ದ. ತಲೆ ಬೋಳಿಸಿದ್ದರು. ಅವನ ಹಿಂದೆ ಒಬ್ಬ ಶಿಪಾಯಿ ನಿಂತಿದ್ದ, ಕಾಣುತ್ತಿದ್ದುದು ಖಾಕಿ ಅಂಗಿಯ ತೋಳು ಮಾತ್ರ.

ತಮ್ಮ ನನ್ನ ಜೊತೆ ಮರಾಠಿಯಲ್ಲಿ ಸುರು ಮಾಡಿದ. ಜಾಲರಿಯ ಮುಲಾಖತ್ತಿನಲ್ಲೂ ಅದೇ ರೂಢಿ, ಪಕ್ಕದಲ್ಲಿ ನಿಂತವರಿಗೆ ತಿಳಿಯುವ ಭಾಷೆಯಲ್ಲಿ ಮಾತಾಡಬೇಕು. ಕಾವಲಿನವರ ಕಷ್ಟವೂ ಇದೆ ಅನ್ನಿ, ತಿಳಿಯದ ಭಾಷೆಯಲ್ಲಿ ಕೈದಿ ಏನು ಹೇಳುತ್ತಿದ್ದಾನೋ ಅವರಿಗೇನು ಗೊತ್ತು? ಆದರೆ ಅವ್ವ? ಅವಳು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತ ನಿಂತಳು. ಒಂದು ನಿಮಿಷ ಹೋಯಿತು. ಇನ್ನೊಂದು ನಿಮಿಷ ಹೋಯಿತು. ಆಗ ಆ ಖಾಕಿ ತೋಳು ಸ್ವಲ್ಪ ಬಾಗಿ, "ಮಾತಾಡ್ರೆವ್ವಾ. ಕನ್ನಡದಾಗ ಮಾತಾಡ್ರಿ, ನನಗ ತಿಳಿತೈತಿ" ಅಂದಿತು!

ಅವ್ವ ಅವನಿಗೆ ಕೈ ಮುಗಿಯಲು ಹೋಗಿ ಮೊಬೈಲ್ ಬೀಳಿಸುವವಳಿದ್ದಳು. ಆಮೇಲೆ ಮಗನಿಗೆ ಅಂದದ್ದು ಒಂದೇ: "ಮಾರಿ ಮ್ಯಾಲಿಂದು ತಗಿ. ಉಸರು ಬಿಡು, ನೋಡೂಣು." ಅವನು ಮಾಸ್ಕ್ ತೆಗೆದು ಜೋರಾಗಿ ಉಸಿರು ಎಳೆದು ಬಿಟ್ಟ. "ಇನ್ನೊಮ್ಮೆ" ಅಂದಳು. ಇನ್ನೊಮ್ಮೆ ಬಿಟ್ಟ. ಹಿಂದಿನ ಶಿಪಾಯಿ ನಗುವ ಸಪ್ಪಳ ಕೇಳಿಸಿತು. ಉಳಿದ ವೇಳೆಯೆಲ್ಲ ಎಮ್ಮೆ, ಮಳೆ, ಯಾರ ಮದುವೆ ಮುಂದೆ ಹೋಯಿತು ಅನ್ನುವುದರಲ್ಲಿ ಕಳೆಯಿತು. ಆ ಶಿಪಾಯಿ ನಮ್ಮ ಗಡಿ ಸೀಮೆಯವರೇ, ಕನ್ನಡ ಶಾಲೆಯಲ್ಲಿ ನಾಲ್ಕನೆಯ ತನಕ ಕಲಿತವರು ಅಂತ ಆಮೇಲೆ ತಿಳಿಯಿತು. ನಮ್ಮ ಶಾಲೆಗಳಲ್ಲಿ ಕಲಿತು ಏನು ಉಪಯೋಗ ಅಂತ ಪಾಲಕರು ಕೇಳಿದಾಗ ಹೇಳಲು ನನ್ನ ಹತ್ತಿರ ಇಂಥ ಉದಾಹರಣೆ ಇದೆ, ಆದರೆ ಹೇಳುವಂತಿರಲಿಲ್ಲ.

ಆಗಸ್ಟಿನಲ್ಲಿ ನಿಜವಾಗಿಯೂ ಬಂತು. ಬ್ಯಾರಕ್ಕಿನಲ್ಲಿ ಹಲವರಿಗೆ ಬಂದಿತ್ತು, ತಮ್ಮನಿಗೂ ಬಂತು. ಜೈಲಿನ ಹೊರಗೆ ಒಂದು ಶಾಲೆಯ ಕಟ್ಟಡದಲ್ಲಿ ಅವರನ್ನು ಇಟ್ಟರು. ಆ ವರ್ಷ ರಾಜ್ಯದಲ್ಲಿ ಶಾಲೆ, ವಸತಿಗೃಹಗಳನ್ನೇ ತಾತ್ಪೂರ್ತಿಕ ಜೈಲು ಮಾಡಿದ್ದರು. ಫೋನಿನಲ್ಲಿ ಅವನ ದನಿ ಸಣ್ಣಗಾಗಿತ್ತು. "ಅಣ್ಣಾ, ನಿಮ್ಮ ಸಾಲ್ಯಾಗ ಇಟ್ಟಾರ ನನ್ನ" ಅಂದ. "ಕರಿ ಹಲಗಿ ಮ್ಯಾಲ ಮಾರ್ಚ್ ತಿಂಗಳ ತಾರೀಖು ಹಂಗ ಐತಿ. ಹುಡುಗರ ಹಾಜರಿ ಬರದೈತಿ. ಬಾಗಲಕ್ಕ ಮಾತ್ರ ಪೊಲೀಸ್ ನಿಂತಾನ." ನಾನು ವಾಸನೆ ಬರುತ್ತದೋ ಇಲ್ಲವೋ, ಜ್ವರ ಎಷ್ಟು ಅಂತ ಕೇಳಿದೆ. ಅವನು ಅದಕ್ಕೆಲ್ಲ ಉತ್ತರ ಕೊಡದೆ, "ಬೆಂಚು ಭಾಳ ಸಣ್ಣವು ಅದಾವ" ಅಂದ.

ಹನ್ನೊಂದು ದಿನ ಅಲ್ಲಿದ್ದ. ಆ ಹನ್ನೊಂದು ದಿನದಲ್ಲಿ ನಾನು ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ ಅಂತ ಹೆಂಡತಿ ಹೇಳುತ್ತಾಳೆ. ಒಳಗೆ ಒಂದೇ ಲೆಕ್ಕ ನಡೆದಿತ್ತು. ಅವತ್ತು ಮುಂಜಾನೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವನು ಹುಣ್ಣಿಮೆಯ ದಿನವೇ ಹೋಗುತ್ತಿದ್ದ. ಹೋಗಿದ್ದರೆ ಕಾಗದದಲ್ಲಿ ಉಶಿರಾ ಇರುತ್ತಿರಲಿಲ್ಲ. ಇರದಿದ್ದರೆ ಮೇ ತಿಂಗಳಲ್ಲೇ ಮನೆಯಲ್ಲಿ ಇರುತ್ತಿದ್ದ. ಅವನಿಗೇನಾದರೂ ಆದರೆ... ಇಷ್ಟರಲ್ಲಿ ಮತ್ತೆ ಮೊದಲಿನಿಂದ.

ಆ ದಿನಗಳಲ್ಲೇ ಊರಲ್ಲಿ ಪುಕ್ಕಟೆ ಅಕ್ಕಿ ಹಂಚುತ್ತಿದ್ದರು, ತಲೆಗೆ 5 ಕಿಲೋ. ಅವ್ವನ ಪರವಾಗಿ ನಾನು ಪಾಳಿ ಹಚ್ಚಿದ್ದೆ. ಮುಂದಿನ ಸುಣ್ಣದ ಗೆರೆಯಲ್ಲಿ ನಿಂತಿದ್ದವಳು ಸತ್ತವನ ಅವ್ವ. ಹತ್ತು ವರ್ಷದಿಂದ ಆಕೆಗೂ ನಮಗೂ ಮಾತಿಲ್ಲ. ತಿರುಗಿ ನೋಡಿದಳು. "ನಿನ್ನ ತಮ್ಮಗ ಬ್ಯಾನಿ ಆಗೈತಂತ?" ಅಂದಳು. "ಹೌದವ್ವಾ" ಅಂದೆ. ಏನೋ ಹೇಳುವವಳಂತೆ ನಿಂತು, ಮತ್ತೆ ಮುಂದೆ ತಿರುಗಿ ತನ್ನ ಅಕ್ಕಿ ಹಾಕಿಸಿಕೊಂಡು ಹೋದಳು. ಆ ಮಾತಿನಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಅವಳ ಮನೆಯಲ್ಲಿ ತಲೆ ಒಂದೇ. ಐದೇ ಕಿಲೋ.

ತಮ್ಮ ಆರಾಮಾದ. ಶಾಲೆಯಿಂದ ಜೈಲಿಗೆ ತಿರುಗಿ ಹೋದ, ಹೊಲಿಗೆ ವಿಭಾಗದಲ್ಲಿ ಕೆಲಸಕ್ಕೆ ಕೂತ. ಮಾಸ್ಕ್ ಹೊಲಿಯುತ್ತಿದ್ದರು. ಒಂದು ಸಲ ನಮಗೆ ತಾಲ್ಲೂಕಿನಿಂದ ಬಂದ ಬಟ್ಟೆಯ ಮಾಸ್ಕ್ ತಿರುಗಿಸಿ ಮುರುಗಿಸಿ ನೋಡಿದೆ, ಇದು ಅವನ ಕೈಯದೇ ಇರಬಹುದೇನೋ ಅಂತ. ಒಳಗೆ ತಿರುಪ್ಪೂರಿನ ಚೀಟಿ ಇತ್ತು.

ಸೆಪ್ಟೆಂಬರಿನಲ್ಲಿ 'ನನ್ನ ಕುಟುಂಬ, ನನ್ನ ಜವಾಬ್ದಾರಿ' ಸಮೀಕ್ಷೆ ಬಂತು. ನಾನೊಂದು ಊರಲ್ಲಿ ಮನೆ ಮನೆ ತಿರುಗುತ್ತಿದ್ದರೆ, ನನ್ನ ಊರಿಗೆ ಬೇರೆ ಗುರುಜಿಯೊಬ್ಬರು ಬಂದಿದ್ದರು. ಮನೆಯಲ್ಲಿ ಎಷ್ಟು ಮಂದಿ ಅಂತ ಕೇಳಿದ್ದಕ್ಕೆ ಅವ್ವ "ಇಬ್ಬರು" ಅಂದಳಂತೆ. ಇನ್ನೊಬ್ಬರನ್ನು ಕರೀರಿ, ಬೆರಳಿಗೆ ಮಷಿನ್ ಹಚ್ಚಿ ಆಕ್ಸಿಜನ್ ನೋಡಬೇಕು ಅಂದರು. "ಅವ ರಜಾದಾಗ ಬರತಾನ, ಆಗ ನೋಡ್ರಿ. ನಾ ಜುಲೈದಾಗ ನೋಡೇನಿ, ಉಸರು ಛಲೋ ಐತಿ." ಆ ಗುರುಜಿ ನನಗೆ ಫೋನ್ ಮಾಡಿ, "ನಿಮ್ಮ ತಾಯಿ ಅವರಿಗೆ ಸ್ವಲ್ಪ ಮರವು ಆಗೇತೇನ್ರಿ ಸರ್?" ಅಂದರು. ಹೌದು ಅಂದೆ. ಅದೂ ಒಂದು ಸುಳ್ಳು. ಅವಳಿಗೆ ಮರೆವು ಇರಲಿಲ್ಲ.

ಇಲ್ಲಿ ಇನ್ನೊಬ್ಬನ ವಿಷಯ ಹೇಳಬೇಕು. ನಮ್ಮ ಪಕ್ಕದ ಊರಿನವನು, ಅದೇ ಜೈಲಿನವನು, ಏಳು ವರ್ಷದ ಶಿಕ್ಷೆ. 2020ರ ಮೇ ಕೊನೆಗೆ ತುರ್ತು ಪೆರೋಲ್ ಮೇಲೆ ಬಂದ. ಅವನ ಊರಿನವರು ಅವನನ್ನೂ ಶಾಲೆಯಲ್ಲೇ ಹದಿನಾಲ್ಕು ದಿನ ಇಟ್ಟರು. ಜೈಲಿಗಿಂತ ಹೆಚ್ಚಾಗಿ ಊರವರು ಹೆದರಿದ್ದು ಜೈಲಿನಿಂದ ಬಂದ ರೋಗಕ್ಕೆ. ಆಮೇಲೆ 30 ದಿನಕ್ಕೊಮ್ಮೆ ಠಾಣೆಗೆ ಹೋಗಿ ಸಹಿ. ನಡುವೆ ದಾಳಿಂಬೆ ಹಚ್ಚಿದ, ಮಗಳ ಮದುವೆ ಮಾಡಿದ. ಅವನನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಒಂಥರಾ ಆಗುತ್ತಿತ್ತು. ಮತ್ಸರ ಅಂತಲೇ ಅನ್ನಿ, ಬೇರೆ ಶಬ್ದ ಯಾಕೆ. 2022ರ ಮೇ ತಿಂಗಳಲ್ಲಿ ಸರ್ಕಾರ ತುರ್ತು ಪೆರೋಲಿನ ಮೇಲಿದ್ದವರನ್ನೆಲ್ಲ ತಿರುಗಿ ಕರೆಯಿತು. ಆ ದಾಳಿಂಬೆ ಇನ್ನೂ ಮೊದಲ ಬಹಾರಕ್ಕೆ ಬಂದಿರಲಿಲ್ಲ. ಹೊರಗೆ ಕಳೆದ ಎರಡು ವರ್ಷ ಶಿಕ್ಷೆಯ ಲೆಕ್ಕಕ್ಕೆ ಬರೋದಿಲ್ಲ ಅಂತ ಆಗ ಅವನಿಗೆ ಸರಿಯಾಗಿ ತಿಳಿದದ್ದು. ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಎಣಿಕೆ.

ಮುಲಾಖತ್ ಮತ್ತೆ ಸುರುವಾದ ಮೇಲೆ ಒಂದು ದಿನ ತಮ್ಮನೇ ಮಾತು ತೆಗೆದ. "ನೋಡಣ್ಣಾ, ನಾ ಅವಾಗ ಬಂದಿದ್ರ ಆ ಎರಡು ವರ್ಷ ಹೋಗೇ ಬಿಡ್ತಿದ್ದವು. ಇಲ್ಲೇ ಇದ್ದೆ, ಎರಡು ವರ್ಷ ಕಳದವು. ನೀ ಅವತ್ತ ಕಾರಹುಣ್ಣಿಮಿಗೆ ನಿಲ್ಲಸಿದ್ದು ಛಲೋನ ಆತು."

ನಾನು ಅವನಿಗೆ ಆ ದಿನದ ಬಗ್ಗೆ ಯಾವತ್ತೂ ಏನೂ ಹೇಳಿರಲಿಲ್ಲ. ನನ್ನ ಹನ್ನೊಂದು ದಿನದ ಲೆಕ್ಕ ಅವನಿಗೆ ಹೇಗೆ ಗೊತ್ತಾಯಿತು? ಲೆಕ್ಕ ಅವನು ಹೇಳಿದ್ದೇ ಸರಿ, ಕಾಯ್ದೆ ಹಾಗೇ ಇದೆ. ಆದರೆ ಅದನ್ನು ಅವನು ತನಗಾಗಿ ಹೇಳಿಕೊಂಡನೋ, ನನಗಾಗಿ ಹೇಳಿದನೋ? ಜಾಲರಿಯ ಆ ಬದಿಗೆ ಮಂದ ಬೆಳಕು, ಮುಖ ಸರಿಯಾಗಿ ಕಾಣುವುದಿಲ್ಲ. ಇಪ್ಪತ್ತು ನಿಮಿಷ ಮುಗಿದಿತ್ತು.

ಈಗ ಅವನಿಗೆ ಹದಿನಾಲ್ಕು ವರ್ಷ ದಾಟಿವೆ. ಮುಂಚಿತ ಬಿಡುಗಡೆಯ ಕಾಗದಗಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆದಿವೆ. ಅದರಲ್ಲೂ ಒಂದು ಕಡೆ ಆ 'ಉಶಿರಾ' ಇದ್ದೇ ಇರುತ್ತದೆ.

ಹೋದ ವರ್ಷ ಫರ್ಲೋ ಮೇಲೆ ಬಂದಿದ್ದ. ರಜೆ ಮುಗಿಯುವುದು ಕಾರಹುಣ್ಣಿಮೆ ಆದ ಮರುದಿನ ಇತ್ತು. ಈ ಸಲ ಯಾವ ತೊಂದರೆಯೂ ಇರಲಿಲ್ಲ, ಹಬ್ಬ ಉಂಡು ಹೋಗಬಹುದಿತ್ತು. ಎತ್ತುಗಳನ್ನು 2019ರಲ್ಲೇ ಮಾರಿದ್ದೆವು, ಬಣ್ಣ ಬಳಿಯಲು ಮಣ್ಣಿನ ಎತ್ತುಗಳನ್ನು ಮಗಳು ಮಾಡಿಟ್ಟಿದ್ದಳು. ಅವಳಿಗೆ ಈಗ ಎಲ್ಲ ಗೊತ್ತಿದೆ, ನಾನೇ ಹೇಳಿದೆ. ಅವನು ಎರಡು ದಿನ ಮೊದಲೇ ಚೀಲ ಕಟ್ಟಿದ. ಅವ್ವ ಏನೂ ಅನ್ನದೆ ಹೋಳಿಗೆಯನ್ನು ಅವತ್ತೇ ಮಾಡಿ ಹಾಕಿದಳು. ನಾನು ಬಾಗಿಲತನಕ ಹೋಗಿದ್ದೆ. ಪುಸ್ತಕದಲ್ಲಿ ಬರೆದುಕೊಳ್ಳುವ ಶಿಪಾಯಿ ಕಾಗದ ನೋಡಿ, "ಇನ್ನೂ ದೋನ್ ದಿವಸ್ ಬಾಕಿ ಆಹೇತ್ ಕಿ ರೇ" ಅಂದ. ತಮ್ಮ ಹಲ್ಲು ಕಿಸಿದು ಒಳಗೆ ಹೋದ.

ಆ ಹೆಣ್ಣುಮಗಳ ಹುಡುಗ ದಿನಾ ಶಾಲೆಗೆ ಬರುತ್ತಿದ್ದಾನೆ, ಅಕ್ಷರ ದುಂಡಗಿವೆ. ಆಕೆಗೆ ನಾನಿನ್ನೂ ಏನೂ ಹೇಳಿಲ್ಲ. ಈ ಶನಿವಾರ ಪಾಲಕರ ಸಭೆ ಇದೆ.